ಇಂಜಿನ್ ಗಟ್ಟಿ, ತಗಡು ಟೊಳ್ಳು: ನಮ್ಮ ಮಾರುತಿ 800 ಕಳಿಸಿಕೊಟ್ಟ ಕೆಲಸ

ಮಾರುತಿ 800, 1994ರ ಮಾಡೆಲ್, ಬಿಳಿ ಬಣ್ಣ, ಎಸಿ ಇಲ್ಲದ್ದು. ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡೋ ಭಾಗ) ಇರೋ ಇಂಜಿನ್, ನಾಲ್ಕು ಗೇರು, ಸಾಗರದ ಕೆಎ-15 ನಂಬರ್. ಶೋರೂಮಿನಿಂದ ಬಂದಾಗಿನಿಂದ ನಮ್ಮ ಮನೆಯದೇ. ಅಡಿಕೆ ಮೂಟೆ, ಮದುವೆ ದಿಬ್ಬಣ, ಹೆರಿಗೆಗೆ ಆಸ್ಪತ್ರೆ, ಎಲ್ಲಕ್ಕೂ ಇದೇ. ಅಪ್ಪ ಕೊಂಡಿದ್ದು, ಅಪ್ಪನೇ ಜಾಸ್ತಿ ಓಡಿಸಿದ್ದು.

15 ವರ್ಷದ ಆರ್‌ಸಿ 2009ಕ್ಕೆ ಮುಗಿಯಿತು. ಆಮೇಲೆ ಐದೈದು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸುತ್ತಾ ಬಂದರು. 2024ರಲ್ಲಿ ಮಾಡಿಸಲಿಲ್ಲ. ಅಪ್ಪನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಮೊದಲು ರಾತ್ರಿ ಓಡಿಸೋದು ಬಿಟ್ಟರು, ಆಮೇಲೆ ಹಗಲೂ ಬಿಟ್ಟರು. ದನ ಕರು ಕಮ್ಮಿ ಮಾಡಿದ ಮೇಲೆ ಖಾಲಿಯಾಗಿದ್ದ ಕೊಟ್ಟಿಗೆಯ ಒಂದು ಅಂಕಣದಲ್ಲಿ ಕಾರು ನಿಂತಿತು. ಪಕ್ಕದ ಅಂಕಣದಲ್ಲಿ ಈಗಲೂ ಎರಡು ಹಸು ಇವೆ. ಇದು ಆಮೇಲೆ ಲೆಕ್ಕಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ನಾನು ಊರಿಗೆ ಬಂದು ಕಾರಿಗೆ ಕೈ ಹಾಕಿದಾಗ ಇದ್ದ ದಾರಿ ಮೂರು. ರಿಪೇರಿ ಮಾಡಿ, ಆರ್‌ಸಿ ಮಾಡಿಸಿ ಓಡಿಸೋದು. ಇಲ್ಲ, ಯಾರಿಗಾದರೂ ಮಾರೋದು. ಇಲ್ಲ, ಗುಜರಿಗೆ ಹಾಕೋದು. ಯಾವುದೇ ಆದರೂ ಮೊದಲು ಇಂಜಿನ್ ಸ್ಟಾರ್ಟ್ ಆಗಬೇಕು ಅಂತ ಅಂದುಕೊಂಡೆ. ಸ್ಟಾರ್ಟ್ ಆಗದ ಕಾರಿಗೆ ಯಾರೂ ಮರ್ಯಾದೆ ಕೊಡೋದಿಲ್ಲ, ಗುಜರಿಯವನೂ ಸೇರಿ.

ಇಲಿ ಮತ್ತು ಹಳೇ ಪೆಟ್ರೋಲ್

ಬಾನೆಟ್ ಎತ್ತಿದ ಕೂಡಲೇ ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ. ಮಲೆನಾಡಿನಲ್ಲಿ ನಿಂತ ಕಾರು ಅಂದರೆ ಇದೇ ಮೊದಲ ಕೆಲಸ. ನಮ್ಮದರಲ್ಲಿ ಡಬ್ಬಿ ತುಂಬ ಅಡಿಕೆ ಸಿಪ್ಪೆಯ ನಾರು. ಇಲಿ ಒಳ್ಳೇ ಗೂಡು ಕಟ್ಟಿ, ಮರಿ ಹಾಕಿ, ಖಾಲಿ ಮಾಡಿಕೊಂಡು ಹೋಗಿತ್ತು. ಹೀಗೇ ಸೆಲ್ಫ್ ಹೊಡೆದಿದ್ದರೆ ಆ ನಾರೆಲ್ಲ ಕಾರ್ಬುರೇಟರ್ ಬಾಯಿಗೆ ಹೋಗುತ್ತಿತ್ತು. ವೈರಿಂಗ್ ಕಡೆ ಹೆಡ್‌ಲೈಟಿನ ವೈರು ಕಡಿದಿತ್ತು, ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಕಡೆ ಮುಟ್ಟಿರಲಿಲ್ಲ. ಪುಣ್ಯ.

ಟ್ಯಾಂಕಿನ ಪೆಟ್ರೋಲನ್ನು ಕೈಪಂಪಿನಲ್ಲಿ ಹೊರಗೆ ತೆಗೆದೆ. ಪೈಪ್ ಹಾಕಿ ಬಾಯಲ್ಲಿ ಎಳೆಯೋ ಹಳೇ ಅಭ್ಯಾಸ ಬೇಡ, ಪೆಟ್ರೋಲ್ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ಜಗುಲಿ ಮೇಲೆ ಇಟ್ಟೆ. ಸ್ವಲ್ಪ ಹೊತ್ತಿನಲ್ಲಿ ಎರಡು ಪದರ ಆಯಿತು. ಮೇಲೆ ಹಳದಿ ಪೆಟ್ರೋಲ್, ಕೆಳಗೆ ಎರಡು ಬೆರಳಷ್ಟು ಮಬ್ಬು ನೀರಿನಂಥದ್ದು. ಬಾಟಲಿ ಅಲ್ಲಾಡಿಸಿದರೆ ಕಲಸುತ್ತದೆ, ಬಿಟ್ಟರೆ ಮತ್ತೆ ಬೇರೆ.

ಇದು ಪಂಪಿನವರ ಕಲಬೆರಕೆ ಅಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, 20 ಪರ್ಸೆಂಟ್ ತನಕ. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಜೋಡಿಯಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯೋ ಪೈಪು ಇರೋದೂ ತಳದಲ್ಲೇ. ದಿನಾ ಓಡೋ ಕಾರಿಗೆ ಇದು ತೊಂದರೆಯಲ್ಲ, ನೀರು ಸೇರೋಕೆ ಸಮಯವೇ ಸಿಗೋದಿಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಬಿಟ್ಟು ಕಾರು ನಿಲ್ಲಿಸಿದರೆ ಹೀಗಾಗುತ್ತದೆ. 1994ರ ಕಾರಿನ ರಬ್ಬರ್ ಪೈಪುಗಳನ್ನು ಈ ಪೆಟ್ರೋಲಿಗೆ ಅಂತ ಮಾಡಿದ್ದೂ ಅಲ್ಲ. ನಮ್ಮವು ಮುಟ್ಟಿದರೆ ಬಿರುಕು ಬಿಡುವಷ್ಟು ಗಟ್ಟಿಯಾಗಿದ್ದವು. ಬಿಸಿ ಇಂಜಿನ್ ಪಕ್ಕ ಪೆಟ್ರೋಲ್ ಸೋರಿದರೆ ಕಾರೇ ಸುಟ್ಟುಹೋಗುತ್ತದೆ. ಹಾಗಾಗಿ ಸ್ಟಾರ್ಟ್ ಮಾಡೋ ಮೊದಲೇ ಪೈಪು, ಕ್ಲಿಪ್ಪು, ಪೆಟ್ರೋಲ್ ಫಿಲ್ಟರ್ ಎಲ್ಲ ಹೊಸದು ಹಾಕಿದೆ.

ತಿರುಗುತ್ತದಾ ಇಲ್ಲವಾ

ವರ್ಷಗಟ್ಟಲೆ ನಿಂತ ಇಂಜಿನ್ನಿಗೆ ಬ್ಯಾಟರಿ ಕಟ್ಟಿ ಸೀದಾ ಸೆಲ್ಫ್ ಹೊಡೆಯಬಾರದು. ಸಿಲಿಂಡರ್ ಒಣಗಿರುತ್ತದೆ, ರಿಂಗು ತುಕ್ಕಿಗೆ ಅಂಟಿರಬಹುದು. ಮೂರೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಿಗ್ಗೆ ಪ್ಲಗ್ ಹಾಕದೇ ನಾಲ್ಕನೇ ಗೇರಿಗೆ ಹಾಕಿ, ಕಾರನ್ನು ಮೆಲ್ಲಗೆ ಹಿಂದೆ ಮುಂದೆ ತಳ್ಳಿದೆ. ಮೊದಲು ಗಟ್ಟಿ ಹಿಡಿದಂತೆ ಅನ್ನಿಸಿತು. ಅದು ಇಂಜಿನ್ ಅಲ್ಲ, ಹಿಂದಿನ ಬ್ರೇಕ್ ಕಚ್ಚಿಕೊಂಡಿದ್ದು. ಅದನ್ನು ಬಿಡಿಸಿದ ಮೇಲೆ ಪ್ಲಗ್ಗಿನ ತೂತಿನಿಂದ "ಫುಸ್ ಫುಸ್" ಅಂತ ಗಾಳಿ ಬರೋಕೆ ಶುರುವಾಯಿತು. ಇಂಜಿನ್ ತಿರುಗುತ್ತಿತ್ತು.

ಊರಿನ ಮೆಕ್ಯಾನಿಕ್ ಹತ್ತಿರ ಸಿಲಿಂಡರಿನ ಒತ್ತಡ ಅಳೆಯೋ ಕಂಪ್ರೆಷನ್ ಗೇಜ್ ಇಸಕೊಂಡು ಬಂದೆ. ಮೂರು ಸಿಲಿಂಡರಲ್ಲೂ 140 ಪಿಎಸ್‌ಐ ಆಸುಪಾಸು. ಒಂದಕ್ಕೂ ಇನ್ನೊಂದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಇಷ್ಟು ವಯಸ್ಸಿನ, ಒಂದು ಸಲವೂ ಬೋರ್ ಮಾಡಿಸದ ಇಂಜಿನ್ನಿಗೆ ಇದು ಚೆನ್ನಾಗಿಯೇ ಇದೆ. ಗೇಜ್ ವಾಪಸ್ ಕೊಡೋವಾಗ ಮೆಕ್ಯಾನಿಕ್ ನಕ್ಕ. "ಇದು ಎಫ್8ಬಿ ಇಂಜಿನ್ ಅಲ್ವಾ ಸಾರ್, ಸಾಯೋದಿಲ್ಲ. ನೀವು ಕೆಳಗೆ ನೋಡಿದ್ರಾ?" ಅಂದ. ನಾನು ಆಗ ಕೆಳಗೆ ನೋಡಿರಲಿಲ್ಲ.

ಈ ಇಂಜಿನ್ ಬಗ್ಗೆ ಎರಡು ಮಾತು. 796 ಸಿಸಿ, ಮೂರು ಸಿಲಿಂಡರ್, ಬೋರು 68.5 ಮಿಮೀ, ಸ್ಟ್ರೋಕು 72 ಮಿಮೀ. ಮೇಲೆ ಒಂದೇ ಕ್ಯಾಮ್‌ಶಾಫ್ಟ್, ಅದನ್ನು ತಿರುಗಿಸೋದು ಬೆಲ್ಟು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪೆಟ್ರೋಲ್ ಪಂಪೂ ಕ್ಯಾಮ್‌ಶಾಫ್ಟಿನಿಂದಲೇ ನಡೆಯೋ ಮೆಕ್ಯಾನಿಕಲ್ ಪಂಪು. 800 ತಯಾರಿಕೆ 2014ರ ಜನವರಿಯಲ್ಲೇ ನಿಂತರೂ ಇದೇ 796 ಸಿಸಿ ಇಂಜಿನ್ ಕುಟುಂಬ ಓಮ್ನಿಯಲ್ಲಿ 2019ರ ತನಕ ಓಡಿತು. ಹಾಗಾಗಿ ಇಂಜಿನ್ ಸಾಮಾನಿಗೆ ಇವತ್ತಿಗೂ ಬರ ಇಲ್ಲ. ಶಿವಮೊಗ್ಗಕ್ಕೆ ಒಂದು ಸಲ ಹೋಗಿ ಪ್ಲಗ್ಗು, ಪಾಯಿಂಟು, ಕಂಡೆನ್ಸರ್, ಕಾರ್ಬುರೇಟರ್ ಕಿಟ್, ವೀಲ್ ಸಿಲಿಂಡರ್ ಎಲ್ಲ ಒಂದೇ ಅಂಗಡಿಯಲ್ಲಿ ತಂದೆ. ಬಾಡಿ ಸಾಮಾನಿನ ಕತೆ ಬೇರೆ.

ಕಾರ್ಬುರೇಟರ್

ಬಿಚ್ಚೋ ಮೊದಲು ವ್ಯಾಕ್ಯೂಮ್ ಪೈಪುಗಳಿಗೆಲ್ಲ ಪೇಪರ್ ಟೇಪ್ ಸುತ್ತಿ ನಂಬರ್ ಬರೆದೆ, ಫೋನಲ್ಲಿ ಫೋಟೋ ಬೇರೆ. ಒಂದು ಪೈಪು ತಪ್ಪಿದರೂ ಐಡಲ್ (ಆಕ್ಸಿಲರೇಟರ್ ಒತ್ತದಾಗಿನ ಓಟ) ನಿಲ್ಲೋದಿಲ್ಲ, ಆಮೇಲೆ ಹುಡುಕಿ ಸಾಕಾಗುತ್ತದೆ.

ಮೇಲಿನ ಮುಚ್ಚಳ ತೆಗೆದರೆ ಪೆಟ್ರೋಲ್ ನಿಲ್ಲೋ ಫ್ಲೋಟ್ ಬೌಲಿನ ತಳದಲ್ಲಿ ಬಿಳಿ ಪುಡಿ, ಅಂಚಿಗೆ ಹಸಿರು ಕಿಲುಬು. ಆ ಎಥನಾಲ್ ನೀರು ಇಲ್ಲಿ ಕೂತು ಲೋಹ ತಿಂದ ಗುರುತು ಅದು. ಫ್ಲೋಟಿನ ನೀಡಲ್ ಮೇಲಕ್ಕೇ ಅಂಟಿಕೊಂಡಿತ್ತು. ಅಂದರೆ ಪಂಪು ಎಷ್ಟು ತಳ್ಳಿದರೂ ಪೆಟ್ರೋಲ್ ಒಳಗೆ ಬರುತ್ತಿರಲಿಲ್ಲ. ಪೆಟ್ರೋಲನ್ನು ಅಳತೆಯಲ್ಲಿ ಬಿಡೋ ಸಣ್ಣ ತೂತಿನ ಜೆಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ಬೆಳಕಿಗೆ ಹಿಡಿದೆ. ಮೇನ್ ಜೆಟ್ಟಿನಲ್ಲಿ ಆ ಕಡೆಯ ಆಕಾಶ ಚುಕ್ಕೆಯಷ್ಟು ಕಾಣುತ್ತಿತ್ತು. ಸ್ಲೋ ಜೆಟ್ಟಿನಲ್ಲಿ ಏನೂ ಕಾಣಲಿಲ್ಲ.

ಜೆಟ್ಟಿಗೆ ಸ್ಟೀಲ್ ಸೂಜಿ, ಪಿನ್ನು ಹಾಕಬೇಡಿ. ಹಿತ್ತಾಳೆ ಮೆತ್ತಗೆ, ತೂತು ಅಗಲ ಆದರೆ ಆಮೇಲೆ ಮೈಲೇಜು ಯಾವತ್ತೂ ಸರಿ ಬರೋದಿಲ್ಲ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಒಂದು ಲೋಟದಲ್ಲಿ ನೆನೆಸಿ ಇಟ್ಟೆ. ಆಮೇಲೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ. ಅದಕ್ಕೂ ಬಗ್ಗದ ಸ್ಲೋ ಜೆಟ್ಟಿಗೆ ಹಳೇ ವೈರಿನೊಳಗಿನ ತಾಮ್ರದ ಒಂದು ಎಳೆ ತೂರಿಸಿದೆ. ಆಗ ಬೆಳಕು ಕಂಡಿತು. ಕಿಟ್ಟಿನಲ್ಲಿ ಬಂದ ಗ್ಯಾಸ್ಕೆಟ್ಟು, ನೀಡಲ್ಲು, ಪಂಪ್ ಡಯಾಫ್ರಮ್ ಹಾಕಿ ಮುಚ್ಚಿದೆ.

ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಹೊಸ ಪಾಯಿಂಟ್ ಹಾಕಿ, ಫೀಲರ್ ಗೇಜಿನಲ್ಲಿ ಅಳೆದು 0.45 ಮಿಮೀ ಸಂದು ಇಟ್ಟೆ. ಹೊಸ ಪ್ಲಗ್ಗು 0.8. ಹೈ ಟೆನ್ಷನ್ ವೈರು ಹಾಕೋವಾಗ ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಬೀಳೋ ಸರದಿ) 1-3-2 ಅನ್ನೋದು ಗೊತ್ತಿದ್ದರೆ ಸಾಕು.

ಹೊಸ ಆಯಿಲ್ಲು, ಫಿಲ್ಟರ್, ರೇಡಿಯೇಟರಿಗೆ ನೀರು, ಐದು ಲೀಟರ್ ಹೊಸ ಪೆಟ್ರೋಲ್. ಚೋಕ್ ಎಳೆದು ಸೆಲ್ಫ್ ಹೊಡೆದೆ. ಮೆಕ್ಯಾನಿಕಲ್ ಪಂಪು ಅಷ್ಟು ದೂರದಿಂದ ಪೆಟ್ರೋಲ್ ಎಳೆದು ಬೌಲ್ ತುಂಬಿಸಬೇಕು, ತಡ ಆಗುತ್ತದೆ. ನಡುನಡುವೆ ನಿಲ್ಲಿಸಿ ಸ್ಟಾರ್ಟರ್ ಮೋಟಾರಿಗೆ ಪುರುಸೊತ್ತು ಕೊಟ್ಟೆ. ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಹಿಡಿದೇ ಬಿಟ್ಟಿತು. ಸಿಲಿಂಡರಿಗೆ ಬಿಟ್ಟ ಆಯಿಲೆಲ್ಲ ಸುಟ್ಟು ಕೊಟ್ಟಿಗೆ ತುಂಬ ಹೊಗೆ. ಹಸುಗಳು ಹಗ್ಗ ಎಳೆದಾಡಿದವು, ಅಮ್ಮ ಒಳಗಿನಿಂದ ಬೈದಳು. ಅಪ್ಪ ಮಾತ್ರ ಜಗುಲಿಯಿಂದ ಎದ್ದು ಬಂದು, ಬಾನೆಟ್ ಪಕ್ಕ ನಿಂತು, ಸ್ವಲ್ಪ ಹೊತ್ತು ಕೇಳಿ, "ಐಡಲ್ ಜಾಸ್ತಿ ಇದೆ, ಇಳಿಸು" ಅಂದರು. ಸರಿಯೇ. ಸ್ಕ್ರೂ ತಿರುಗಿಸಿ ನಿಮಿಷಕ್ಕೆ 900 ಸುತ್ತಿನ ಹತ್ತಿರ ತಂದೆ. ಮೂರು ಸಿಲಿಂಡರಿನ ಆ ನಡುಕ ಬಿಟ್ಟರೆ ಬೇರೆ ತಕರಾರಿಲ್ಲ.

ಹಿಂದಿನ ಬ್ರೇಕ್ ವಿಷಯ ಚುಟುಕಾಗಿ ಹೇಳುತ್ತೇನೆ, ಎಲ್ಲ ಹಳೇ ಕಾರಿಗೂ ಒಂದೇ ಕತೆ. ಡ್ರಮ್ ಸುತ್ತ ಮರದ ಸುತ್ತಿಗೆಯಲ್ಲಿ ತಟ್ಟಿ ಬಿಡಿಸಿದೆ. ವೀಲ್ ಸಿಲಿಂಡರ್ ಎರಡೂ ಸೋರುತ್ತಿದ್ದವು, ಹೊಸದು ಹಾಕಿದೆ. ಹಳೇ ಬ್ರೇಕ್ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಪೂರ್ತಿ ತೆಗೆದು ಹೊಸ ಡಾಟ್ 3 ಆಯಿಲ್ ಹಾಕಿ, ಪೈಪಿನ ಗಾಳಿ ತೆಗೆಯೋಕೆ ಬ್ಲೀಡ್ ಮಾಡಿದೆವು. ಅಪ್ಪ ಪೆಡಲ್ ಮೇಲೆ, ನಾನು ಚಕ್ರದ ಹತ್ತಿರ. "ಒತ್ತಿ, ಹಿಡೀರಿ, ಬಿಡಿ" ಅನ್ನೋದು ನಾನು. ಒಂದೊಂದು ಸಲ ನಾನು ಹೇಳೋ ಮೊದಲೇ ಬಿಟ್ಟು ಗಾಳಿ ಒಳಗೆ ಬರೋ ಹಾಗೆ ಮಾಡೋದು ಅವರು.

ಜಾಕ್ ಒಳಗೆ ಹೋಯಿತು

ಬ್ರೇಕ್ ಕೆಲಸ ಮಾಡುವಾಗಲೇ ಅನುಮಾನ ಬಂದಿತ್ತು. ಹಿಂದಿನ ಆಕ್ಸಲ್ಲಿಗೆ ಜಾಕ್ ಕೊಟ್ಟಾಗ ಕಾರು ಏಳುತ್ತಿತ್ತು, ಆದರೆ ಬಾಡಿ ಕಡೆಯಿಂದ ಕಿರ್ರ್ ಅಂತ ಒಂದು ಸದ್ದು. ಮಾರನೇ ದಿನ ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡಿಗೆ, ಕಂಪನಿಯವರೇ ಗುರುತು ಮಾಡಿದ ಜಾಗಕ್ಕೆ, ಜಾಕ್ ಕೊಟ್ಟೆ. ಹ್ಯಾಂಡಲ್ ತಿರುಗಿಸಿದ ಹಾಗೆ ಜಾಕ್ ಮೇಲೆ ಹೋಗುತ್ತಿತ್ತು. ಕಾರು ಮಾತ್ರ ಅಲ್ಲೇ ಇತ್ತು. ಬಗ್ಗಿ ನೋಡಿದರೆ ಜಾಕಿನ ತಲೆ ತಗಡಿನ ಒಳಗಿತ್ತು.

ಹೊರಗಿನ ಬಿಳಿ ಪೇಂಟ್ ಏನೂ ಆಗದ ಹಾಗೆ ಹೊಳೆಯುತ್ತಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದೆ. ಮುಂದಿನ ಕಡೆ "ಟಣ್" ಅನ್ನುತ್ತದೆ, ನಡುವೆ ಬಂದರೆ "ತಪ್" ಅನ್ನುತ್ತದೆ. ತುದಿಯಿಂದ ಸ್ವಲ್ಪ ಒತ್ತಿದರೆ ಹಪ್ಪಳದ ಹಾಗೆ ಮುರಿದು ಒಳಗೆ ಹೋಯಿತು. ಒಳಗಿನಿಂದ ತುಕ್ಕಿನ ಪುಡಿ, ಅದರ ಜೊತೆ ಕೆಂಪು ಮಣ್ಣು, ಇನ್ನೂ ಒದ್ದೆಯಾಗಿಯೇ.

ಆಮೇಲೆ ಸುಮ್ನೆ ಇರೋಕಾಗಲಿಲ್ಲ. ಸೀಟು ಬಿಚ್ಚಿದೆ, ಕಾರ್ಪೆಟ್ ಎತ್ತಿದೆ. ಡ್ರೈವರ್ ಕಾಲಿಡೋ ಜಾಗದಲ್ಲಿ ಫ್ಲೋರಿನ ಡಾಂಬರ್ ಶೀಟು ಎದ್ದು ಬಂತು, ಅದರ ಅಡಿಯಲ್ಲಿ ತಗಡೇ ಇರಲಿಲ್ಲ. ಅಪ್ಪನ ಕಾಲಿಗೂ ರಸ್ತೆಗೂ ನಡುವೆ ಇದ್ದಿದ್ದು ಒಂದು ಡಾಂಬರ್ ಶೀಟು, ಒಂದು ಕಾರ್ಪೆಟ್ಟು, ಒಂದು ರಬ್ಬರ್ ಮ್ಯಾಟು. ಬ್ಯಾಟರಿ ಟ್ರೇ ಕೆಳಗೆ ಆಸಿಡ್ ಬಿದ್ದು ತೂತಾಗಿತ್ತು. ಇದೆಲ್ಲ ಆದರೂ ಸಹಿಸಬಹುದು. ಹಿಂದಿನ ಚಕ್ರದ ಮೇಲೆ, ಶಾಕ್ ಅಬ್ಸಾರ್ಬರ್ ತಲೆ ಬಾಡಿಗೆ ಕೂರೋ ಜಾಗ ನೋಡಿದಾಗ ವಿಷಯ ಮುಗಿಯಿತು. ಬೋಲ್ಟ್ ಗಟ್ಟಿ ಇದೆ, ಶಾಕ್ ಗಟ್ಟಿ ಇದೆ. ಅದನ್ನು ಹಿಡಿದಿದ್ದ ತಗಡು ಬೋಲ್ಟಿನ ಸುತ್ತ ಪದರ ಪದರವಾಗಿ ಎದ್ದಿತ್ತು.

ಜೀಪು, ಲಾರಿಗಾದರೆ ಕೆಳಗೆ ಬೇರೆ ಚಾಸಿ ಇರುತ್ತದೆ. ಮೇಲಿನ ತಗಡು ಹೋದರೂ ಚಾಸಿ ಗಟ್ಟಿ ಇದ್ದರೆ ಗಾಡಿ ಉಳಿಯುತ್ತದೆ. 800ಕ್ಕೆ ಹಾಗಿಲ್ಲ. ತೆಳ್ಳನೆ ತಗಡನ್ನೇ ಮಡಚಿ, ಡಬ್ಬಿ ಡಬ್ಬಿ ಮಾಡಿ, ಸ್ಪಾಟ್ ವೆಲ್ಡ್ ಹಾಕಿ ಜೋಡಿಸಿದ್ದಾರೆ. ಆ ಡಬ್ಬಿಗಳೇ ಇದರ ಬೆನ್ನುಮೂಳೆ. ಅದಕ್ಕೇ ಇಡೀ ಕಾರು 650 ಕೆಜಿ ಆಸುಪಾಸಿನಲ್ಲಿ ಮುಗಿಯೋದು, ಪುಟ್ಟ ಇಂಜಿನ್ನಿಗೂ ಹಗುರ ಅನ್ನಿಸೋದು. ರನ್ನಿಂಗ್ ಬೋರ್ಡ್ ಅಂದರೆ ಅಂದಕ್ಕೆ ಇರೋ ಪಟ್ಟಿ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ, ಮುಂದಿನ ಭಾಗವನ್ನೂ ಹಿಂದಿನ ಭಾಗವನ್ನೂ ಹಿಡಿದಿರೋ ಮುಖ್ಯ ತೊಲೆ ಅದು.

ತುಕ್ಕು ಹೇಗೆ ಬಂತು ಅಂತ ಹುಡುಕಿದರೆ ಕಾರಣ ಎದುರಿಗೇ ಇತ್ತು. ನಮ್ಮ ಮನೆ ದಾರಿ ಮಣ್ಣಿನದು. ಮಳೆಗಾಲದಲ್ಲಿ ಕೆಂಪು ಮಣ್ಣು ಎರಚಿ ಚಕ್ರದ ಕಮಾನಿನೊಳಗೆ ಮೆತ್ತಿಕೊಳ್ಳುತ್ತದೆ, ನವರಾತ್ರಿ ಕಳೆದರೂ ಒಣಗೋದಿಲ್ಲ. ಅಪ್ಪ ಪಂಪಿನ ಪೈಪ್ ಹಿಡಿದು ಕಾರು ತೊಳೆಯುತ್ತಿದ್ದರು, ಆದರೆ ಎಲ್ಲರ ಹಾಗೆ ಕಣ್ಣಿಗೆ ಕಾಣೋ ಕಡೆ ಮಾತ್ರ. ಬಾಗಿಲ ಅಡಿಯಲ್ಲಿ ನೀರು ಇಳಿದು ಹೋಗೋಕೆ ಸಣ್ಣ ತೂತುಗಳಿರುತ್ತವೆ, ಅವು ಮಣ್ಣಿನಿಂದ ಮುಚ್ಚಿದ್ದವು. ಮುಂದಿನ ಗ್ಲಾಸಿನ ಬೀಡಿಂಗ್ ಒಣಗಿ ಮಳೆ ನೀರು ಕಾರ್ಪೆಟ್ಟಿಗೆ ಇಳಿಯುತ್ತಿತ್ತು. ಮೇಲೆ ರಬ್ಬರ್ ಮ್ಯಾಟ್ ಇದ್ದಿದ್ದರಿಂದ ಗೊತ್ತೇ ಆಗಲಿಲ್ಲ. ಕೊನೆಗೆ ಕೊಟ್ಟಿಗೆ. ಗಂಜಲದ ತೇವ, ಅದರ ಉಪ್ಪು, ಗಾಳಿಯಾಡದ ಮೂಲೆ. ಕಬ್ಬಿಣಕ್ಕೆ ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗಲಿಕ್ಕಿಲ್ಲ.

ಟಿಂಕರ್ ಬಂದು ನೋಡಿದ್ದು

ಟಿಂಕರಿಂಗ್ ಕೆಲಸದಲ್ಲಿ ಕೈ ಪಳಗಿದ ಮೇಸ್ತ್ರಿಯೊಬ್ಬರನ್ನು ಕರೆಸಿದೆ. ಅವರು ಜೇಬಿನಿಂದ ಸ್ಪೀಕರಿನ ಹಳೇ ಅಯಸ್ಕಾಂತ ತೆಗೆದು ಬಾಡಿ ಮೇಲೆ ಓಡಿಸಿದರು. ಎರಡು ಕಡೆ ಅದು ಹಿಡಿಯದೇ ಜಾರಿತು. ಹಿಂದೆ ಯಾವಾಗಲೋ ಹಾಕಿದ್ದ ಪುಟ್ಟಿ. ಹಳೇ ಕಾರು ಕೊಳ್ಳೋಕೆ ಹೋಗೋರು ಒಂದು ಅಯಸ್ಕಾಂತ ಇಟ್ಟುಕೊಳ್ಳಿ, ಅದಕ್ಕೆ ಒಂದು ತೆಳ್ಳನೆ ಬಟ್ಟೆ ಸುತ್ತಿ, ಪೇಂಟ್ ಗೀರೋದಿಲ್ಲ.

ಮೇಸ್ತ್ರಿ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿ ಎದ್ದರು. "ಪ್ಯಾಚ್ ಹಾಕಿ ಕೊಡಬಹುದು. ಮೇಲೆ ಕಪ್ಪು ಪೇಂಟ್ ಹೊಡೆದರೆ ಆರ್‌ಟಿಒದಲ್ಲೂ ಕಾಣೋದಿಲ್ಲ. ಆದರೆ ವೆಲ್ಡಿಂಗ್ ಹಿಡಿಯೋಕೆ ಸುತ್ತ ಒಳ್ಳೇ ತಗಡು ಬೇಕಲ್ಲ, ಅದು ಎಲ್ಲಿದೆ?" ಅಂದರು. ನ್ಯಾಯವಾಗಿ ಮಾಡಬೇಕು ಅಂದರೆ ಎರಡೂ ರನ್ನಿಂಗ್ ಬೋರ್ಡು, ಮುಂದಿನ ಫ್ಲೋರು, ಹಿಂದಿನ ಎರಡೂ ಕಮಾನು ಕತ್ತರಿಸಿ ಹೊಸದು ಕೂರಿಸಬೇಕು. ಆ ತಗಡು ಈಗ ಕಂಪನಿಯಿಂದ ಬರೋದಿಲ್ಲ, ಕೈಯಲ್ಲೇ ಬಡಿದು ಮಾಡಬೇಕು. ಕತ್ತರಿಸುವಾಗ ಬಾಡಿ ವಾಲದ ಹಾಗೆ ಒಳಗೆ ಪೈಪ್ ಕಟ್ಟಿ ಹಿಡಿಯಬೇಕು. ಅವರು ಹೇಳಿದ ಮೊತ್ತಕ್ಕೆ ಚೆನ್ನಾಗಿರೋ ಎರಡು ಹಳೇ 800 ಬರುತ್ತಿದ್ದವು.

ಇದರ ಮೇಲೆ ಆರ್‌ಸಿ ಖರ್ಚು. 20 ವರ್ಷ ದಾಟಿದ ಕಾರಿನ ರಿನ್ಯೂವಲ್ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದೆ. 2022ರ ಏಪ್ರಿಲಿಗೆ ಮೊದಲು ಅದು 600 ರೂಪಾಯಿ ಇತ್ತು. ತಡ ಮಾಡಿದ್ದಕ್ಕೆ ತಿಂಗಳ ಲೆಕ್ಕದಲ್ಲಿ ದಂಡ, ಹಸಿರು ತೆರಿಗೆ, ಇನ್ಶೂರೆನ್ಸ್ ಬೇರೆ. ದುಡ್ಡು ಹೊಂದಿಸಬಹುದಿತ್ತು. ಶಾಕ್ ಕೂರೋ ಜಾಗ ಹೋದ ಕಾರಲ್ಲಿ ಅಮ್ಮನನ್ನು ಕೂರಿಸಿಕೊಂಡು ಘಾಟಿ ಇಳಿಯೋ ಧೈರ್ಯ ಹೊಂದಿಸೋಕಾಗಲಿಲ್ಲ.

ಮಾರಬಹುದಿತ್ತು. ಸ್ಟಾರ್ಟ್ ಆಗಿದೆ ಅನ್ನೋ ಸುದ್ದಿ ಊರಲ್ಲಿ ಹಬ್ಬಿದ ಕೂಡಲೇ ಕೇಳಿಕೊಂಡು ಬಂದವರಿದ್ದರು. ಒಬ್ಬ ಹುಡುಗ ಡ್ರೈವಿಂಗ್ ಕಲಿಯೋಕೆ ಬೇಕು ಅಂತ ಬಂದ. ಬಾನೆಟ್ ಎತ್ತಿ, ಇಂಜಿನ್ ಸೌಂಡ್ ಕೇಳಿ, "ಸೂಪರ್ ಇದೆ ಅಣ್ಣ" ಅಂದ. ಅಲ್ಲಿಗೆ ಅವನ ಪರೀಕ್ಷೆ ಮುಗಿದಿತ್ತು. ಅವನನ್ನು ಕೆಳಗೆ ಮಲಗಿಸಿ ಟಾರ್ಚ್ ಕೊಟ್ಟೆ. ಎದ್ದು ಬಟ್ಟೆ ಕೊಡವಿಕೊಂಡು, "ಬೇಡ ಬಿಡಿ" ಅಂದ. ಕಾರಿನ ವಯಸ್ಸನ್ನು ನಾವೆಲ್ಲ ಇಂಜಿನ್ನಿನಲ್ಲಿ ಅಳೆಯುತ್ತೇವೆ, ಎಷ್ಟು ಕಿಲೋಮೀಟರ್ ಆಗಿದೆ ಅಂತ ಕೇಳುತ್ತೇವೆ. ಮಲೆನಾಡು, ಕರಾವಳಿಯ ಕಾರಿಗೆ ಕೇಳಬೇಕಾದ ಪ್ರಶ್ನೆ ಎಷ್ಟು ಮಳೆಗಾಲ ಆಗಿದೆ ಅನ್ನೋದು.

ಗುಜರಿಯಲ್ಲೂ ಎರಡು ಬಗೆ

ಲೋಕಲ್ ಗುಜರಿಯವನು 22 ಸಾವಿರ ಅಂದ. ಕೈಮೇಲೆ ದುಡ್ಡು, ಕಾಗದ ಪತ್ರ ಏನೂ ಬೇಡ. ಸರ್ಕಾರದಲ್ಲಿ ನೋಂದಣಿ ಆದ ಸ್ಕ್ರ್ಯಾಪ್ ಸೆಂಟರಿನವರು 18 ಸಾವಿರ, ಲಾರಿ ಅವರೇ ಕಳಿಸುತ್ತಾರೆ. ನಾಲ್ಕು ಸಾವಿರ ಕಮ್ಮಿ ಆದರೂ ಎರಡನೆಯದನ್ನೇ ಆರಿಸಿದೆ. ಕಾಗದ ಬೇಡ ಅನ್ನೋದೇ ಅಲ್ಲಿ ತೊಡಕು. ಕಾರು ಪುಡಿಯಾದರೂ ಆರ್‌ಸಿ ಅಪ್ಪನ ಹೆಸರಲ್ಲಿ ಹಾಗೇ ಇರುತ್ತದೆ. ನಾಳೆ ಆ ನಂಬರ್ ಪ್ಲೇಟು, ಆ ಚಾಸಿ ನಂಬರಿನ ತಗಡು ಬೇರೆ ಯಾವುದೋ ಕಾರಿಗೆ ಹೋಗಿ ಏನಾದರೂ ಆದರೆ ಪೊಲೀಸ್ ಬರೋದು ನಮ್ಮ ಮನೆಗೆ. ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಗಾಡಿ ನಾಶ ಆದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕಾದ್ದೂ ಓನರೇ.

ನೋಂದಾಯಿತ ಸೆಂಟರಿಗೆ ಅರ್ಜಿ ಆನ್‌ಲೈನಿನಲ್ಲಿ. ಬಾಕಿ ಚಲನ್ ಇದೆಯಾ, ಕಳವಿನ ಗಾಡಿಯಾ ಅಂತ ಅವರೇ ನೋಡುತ್ತಾರೆ. ನಮಗೆ ತಡವಾಗಿದ್ದು ಹೆಸರಿನಿಂದ. ಆರ್‌ಸಿಯಲ್ಲಿ ಇನಿಷಿಯಲ್ಲು, ಆಧಾರಿನಲ್ಲಿ ಪೂರ್ತಿ ಹೆಸರು, ವಾಹನ್ ಪೋರ್ಟಲಿನಲ್ಲಿ ಇದ್ದಿದ್ದು ಅಪ್ಪನ ಹಳೇ ಫೋನ್ ನಂಬರು. ಒಟಿಪಿ ಯಾರಿಗೋ ಹೋಗುತ್ತಿತ್ತು. ನಿಮ್ಮ ಮನೆಯಲ್ಲಿ ಹಳೇ ಕಾರಿದ್ದರೆ, ಕಳಿಸೋ ಯೋಚನೆ ಇಲ್ಲದಿದ್ದರೂ, ಪೋರ್ಟಲಿನಲ್ಲಿ ಫೋನ್ ನಂಬರ್ ಈಗಲೇ ಸರಿ ಮಾಡಿಸಿಡಿ. ಸಾಲದಲ್ಲಿ ಕೊಂಡ ಕಾರಾದರೆ ಆರ್‌ಸಿಯಲ್ಲಿ ಎಚ್‌ಪಿ (ಬ್ಯಾಂಕ್ ಸಾಲದ ನಮೂದು) ಉಳಿದಿದೆಯಾ ನೋಡಿ. ಸಾಲ ತೀರಿದರೂ ಎಷ್ಟೋ ಜನ ಅದನ್ನು ತೆಗೆಸಿರೋದಿಲ್ಲ. ಬ್ಯಾಂಕಿನ ಸಹಿ ಬಿದ್ದ ಫಾರಂ 35 ಬೇಕಾಗುತ್ತದೆ, ಬ್ಯಾಂಕುಗಳೇ ಒಂದರೊಳಗೊಂದು ಸೇರಿಹೋಗಿರೋ ಈ ಕಾಲದಲ್ಲಿ ಆ ಸಹಿಗೆ ಓಡಾಟ ಇದೆ. ಫಾಸ್ಟ್ಯಾಗ್ ಇದ್ದರೆ ಅದನ್ನೂ ಮುಚ್ಚಿಸಿ.

ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಒಂದು ತೆಗೆದಿಟ್ಟುಕೊಂಡೆ. ಬಾನೆಟ್ ಎತ್ತಿದರೆ ಇಂಜಿನ್ ಹಿಂದಿನ ಗೋಡೆಯ ಮೇಲೆ ಕೊರೆದಿರುತ್ತದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ತೆಳು ಕಾಗದ ಇಟ್ಟು, ಪೆನ್ಸಿಲ್ ಮಲಗಿಸಿ ಉಜ್ಜಬೇಕು. ಈ ಕೆಲಸ ಅಪ್ಪ ತಾವೇ ಮಾಡಿದರು, ಕನ್ನಡಕ ಹಣೆಗೆ ಏರಿಸಿಕೊಂಡು.

ಏನು ಬಿಚ್ಚಿಕೊಂಡೆ, ಏನು ಬಿಟ್ಟೆ

ಇಂಜಿನ್ ಇಟ್ಟುಕೊಳ್ಳೋ ಆಸೆ ಬಹಳ ಇತ್ತು. ಇಂಜಿನ್, ಗೇರ್ ಬಾಕ್ಸ್, ಬಾಗಿಲು ಇಲ್ಲದಿದ್ದರೆ ಪೂರ್ತಿ ಕಾರು ಅಂತ ತೆಗೆದುಕೊಳ್ಳೋದಿಲ್ಲ ಅಂತ ಸೆಂಟರಿನವರು ಮೊದಲೇ ಹೇಳಿದ್ದರು. ಇಂಜಿನ್ ನಂಬರೂ ಆರ್‌ಸಿಯಲ್ಲಿ ಇರೋದೇ ತಾನೆ, ಬಿಟ್ಟೆ. ಬ್ಯಾಟರಿ ಹೊಸದು. ಅದಕ್ಕೆ ಸ್ವಲ್ಪ ದುಡ್ಡು ಕಡಿಮೆ ಮಾಡಿ ನನಗೇ ಬಿಡೋಕೆ ಒಪ್ಪಿದರು. ಜಾಕ್, ಪಾನಾ ಚೀಲ, ಟೇಪ್ ರೆಕಾರ್ಡರ್, ಹಿಂದಿನ ಸೀಟಿನ ಅಡಿಯಲ್ಲಿ ಸಿಕ್ಕ ಒಂದು ರಾಶಿ ಚಿಲ್ಲರೆ, ಅಮ್ಮ ಕಳೆದುಹೋಯಿತು ಅಂತ ಆಗ ಅತ್ತಿದ್ದ ಒಂದು ಬೆಳ್ಳಿ ಕಾಲುಂಗುರ. ಅದು ಸೀಟಿನ ರೈಲಿನೊಳಗೆ ಗ್ರೀಸಿನಲ್ಲಿ ಹೂತಿತ್ತು. ಹಳೇ ಕಾರು ಕಳಿಸೋ ಮೊದಲು ಸೀಟು ಬಿಚ್ಚಿ ನೋಡಿ ಅನ್ನೋಕೆ ಇದೊಂದೇ ಕಾರಣ ಸಾಕು.

ಲಾರಿ ನಮ್ಮ ದಾರಿಯಲ್ಲಿ ಮನೆ ತನಕ ಬರೋದಿಲ್ಲ, ಗೇಟಿನ ಹತ್ತಿರ ನಿಂತಿತು. ಕೊಟ್ಟಿಗೆಯಿಂದ ಗೇಟಿನ ತನಕ ನಮ್ಮದೇ ಜಾಗದ ಏರು ದಾರಿ. ಡ್ರೈವರ್ ಹಗ್ಗ ಕಟ್ಟಿ ಎಳೆಯೋಣ ಅಂದ. ಬೇಡ, ಓಡುತ್ತದೆ ಅಂದೆ. ಬ್ಯಾಟರಿ ಬಿಚ್ಚೋ ಮೊದಲು ಚೋಕ್ ಎಳೆದು ಸೆಲ್ಫ್ ಹೊಡೆದೆ, ಅರೆ ಸುತ್ತಿಗೇ ಹಿಡಿಯಿತು. ಅಪ್ಪ ಕಿಟಕಿ ಹತ್ತಿರ ಬಂದು, "ಬಿಸಿ ಆದ ಮೇಲೆ ಚೋಕ್ ಒಳಗೆ ತಳ್ಳು, ಮರೆತರೆ ಪ್ಲಗ್ ಕಪ್ಪಾಗುತ್ತೆ" ಅಂದರು. ಒಂದನೇ ಗೇರಿನಲ್ಲಿ ಏರು ಹತ್ತಿ, ಹಲಗೆ ಮೇಲೆ ಸೀದಾ ಲಾರಿಗೆ ಏರಿಸಿದೆ. ಡ್ರೈವರ್ ಚಕ್ರಕ್ಕೆ ಬೆಲ್ಟ್ ಬಿಗಿಯುತ್ತಾ, "ಇಷ್ಟು ಚೆನ್ನಾಗಿ ಓಡೋದನ್ನ ಯಾಕೆ ಕೊಡ್ತಿದ್ದೀರಿ?" ಅಂತ ಕೇಳಿದ. ಟಾರ್ಚ್ ಕೊಟ್ಟು ಕೆಳಗೆ ತೋರಿಸಿದೆ.

ಕಾರು ಸೆಂಟರಿಗೆ ಒಪ್ಪಿಸಿದ್ದಕ್ಕೆ ಡೆಪಾಸಿಟ್ ಸರ್ಟಿಫಿಕೇಟ್ ಬಂತು, ಆಮೇಲೆ ಸ್ಕ್ರ್ಯಾಪ್ ಆದ ಸರ್ಟಿಫಿಕೇಟೂ ಬಂತು. ಪೋರ್ಟಲಿನಲ್ಲಿ ನಂಬರ್ ಹಾಕಿದರೆ ಈಗ ಆರ್‌ಸಿ ರದ್ದು ಅಂತ ತೋರಿಸುತ್ತದೆ. ಡೆಪಾಸಿಟ್ ಸರ್ಟಿಫಿಕೇಟ್ ಇದ್ದರೆ ಹೊಸ ಸ್ವಂತ ಕಾರಿನ ರಸ್ತೆ ತೆರಿಗೆಯಲ್ಲಿ 25 ಪರ್ಸೆಂಟ್ ತನಕ ರಿಯಾಯಿತಿ ಕೊಡೋಕೆ ಕೇಂದ್ರದ ನಿಯಮದಲ್ಲಿ ಅವಕಾಶ ಇದೆ. ಎಷ್ಟು ಅನ್ನೋದು ರಾಜ್ಯಕ್ಕೆ ಬಿಟ್ಟಿದ್ದು, ಕೊಳ್ಳೋ ಮೊದಲು ಆರ್‌ಟಿಒದಲ್ಲಿ ಕೇಳಿಕೊಳ್ಳಿ. ಅದನ್ನು ಬೇರೆಯವರ ಹೆಸರಿಗೆ ವರ್ಗ ಮಾಡಬಹುದು. ನಮ್ಮದು ಅಣ್ಣನ ಹೊಸ ಕಾರಿಗೆ ಹೋಗುತ್ತದೆ. ಕಾರು ಬಂದ ದಿನವೇ ಅಡಿಗೆ ತುಕ್ಕು ತಡೆಯೋ ಕೋಟಿಂಗ್ ಹೊಡೆಸು, ಕೊಟ್ಟಿಗೆ ಹತ್ತಿರ ನಿಲ್ಲಿಸಬೇಡ ಅಂತ ಹೇಳಿದ್ದೇನೆ. ಬ್ಯಾಟರಿ ತೋಟದ ಐಬೆಕ್ಸ್ (ಕರೆಂಟ್) ಬೇಲಿಗೆ ಸೇರಿತು, ಹಂದಿ ಕಾಟ ಈ ವರ್ಷ ಸ್ವಲ್ಪ ಕಮ್ಮಿ.